ಪೆನ್ನಿ ಒತ್ತಿಸಲು ಹಿಡಿ ತಿರುಗಿಸುವ ಮಷಿನ್ನೋ, ಬಟನ್ ಮಷಿನ್ನೋ?

ಊರಿಂದ ಅತ್ತೆ ಮಾವ ಬಂದಿದ್ದರು. ಮಕ್ಕಳನ್ನೂ ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಫಿಶರ್‌ಮನ್ಸ್ ವಾರ್ಫ್‌ಗೆ ಹೋದೆವು. ಅಲ್ಲಿ ಪೆನ್ನಿ ಒತ್ತುವ ಮಷಿನ್‌ಗಳು ಸಿಗುತ್ತವೆ. ಒಂದು ಸೆಂಟಿನ ನಾಣ್ಯ ಎರಡು ಉಕ್ಕಿನ ರೋಲರ್ ನಡುವೆ ಸಿಕ್ಕಿ, ಅವಲಕ್ಕಿ ಹಾಗೆ ಉದ್ದಕ್ಕೆ ಚಪ್ಪಟೆಯಾಗಿ, ಮೈಮೇಲೆ ಚಿತ್ರ ಹೊತ್ತು ಬೀಳುತ್ತದೆ. 1893ರ ಷಿಕಾಗೋ ಮೇಳದಲ್ಲೂ ಹೀಗೆ ನಾಣ್ಯ ಒತ್ತಿ ಮಾರಿದ್ದರು. ನಾವು ಎರಡು ಬಗೆಯ ಮಷಿನ್ ನೋಡಿದೆವು.

ಮೊದಲು ಹಿಡಿ ತಿರುಗಿಸುವುದು. ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ), ಜೊತೆಗೆ ನಮ್ಮದೇ ಒಂದು ಪೆನ್ನಿ: ಒಟ್ಟು 51 ಸೆಂಟ್. ಈಗ ಒಂದು ಡಾಲರ್ ಕೇಳುವವೂ ಇವೆ. ಗಾಜಿನೊಳಗೆ ಹಲ್ಲುಚಕ್ರಗಳು ತಿರುಗುವುದು ಕಾಣುತ್ತದೆ. ನಾಣ್ಯ ಸಿಕ್ಕಿಕೊಂಡ ಕ್ಷಣ ಹಿಡಿ ಬಿಗಿಯಾಗುತ್ತದೆ. ಏಳು ವರ್ಷದ ಮಗಳಿಗೆ ಆಗಲಿಲ್ಲ, ತಾತನೂ ಕೈ ಹಾಕಿದರು. ಬಿದ್ದ ನಾಣ್ಯ ಇನ್ನೂ ಬೆಚ್ಚಗಿತ್ತು. ಅದರ ಮೇಲೆ ಮೂಡಿದ ಸೇತುವೆಯ ಚಿತ್ರ ಸ್ವಲ್ಪ ಓರೆ. ಇರಲಿ.

ಬಟನ್ ಮಷಿನ್‌ಗೆ ಕಾರ್ಡ್ ಸಾಕು, ಚಿಲ್ಲರೆ ಹುಡುಕಬೇಕಿಲ್ಲ. ತಾಮ್ರದ ಬಿಲ್ಲೆ ಒಳಗೇ ಇರುತ್ತದೆ. ನಮಗೆ ಎರಡು ಡಾಲರ್ ಆಯಿತು. ಅಕ್ಷರ ಅಕ್ಷರವೂ ಸ್ಪಷ್ಟ, ಫಳಫಳ. ಮಗಳು ಮಾತ್ರ "ಅಷ್ಟೇನಾ?" ಅಂದಳು. ಇನ್ನೊಂದು ಕಡೆ ಇಂಥದ್ದೇ ಮಷಿನ್ ದುಡ್ಡು ತಗೊಂಡು ಸುಮ್ನೆ ನಿಂತಿತು. ಅದರ ಮೇಲೆ ಅಂಟಿಸಿದ್ದ ನಂಬರ್‌ಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ನನ್ನ ಮತ ಹಿಡಿ ಮಷಿನ್‌ಗೇ. ಆದರೆ ಅದಕ್ಕೆ ಹಾಕುವ ಪೆನ್ನಿ ಯಾವುದು ಅನ್ನೋದು ಮುಖ್ಯ. 1982ಕ್ಕಿಂತ ಮೊದಲಿನವುಗಳಲ್ಲಿ ಶೇ. 95 ತಾಮ್ರ, ತೂಕ 3.11 ಗ್ರಾಂ. ಆಮೇಲಿನವು 2.5 ಗ್ರಾಂ, ಒಳಗೆ ಬರೀ ಸತು, ಮೇಲೆ ತಾಮ್ರದ ತೆಳು ಲೇಪ. ಒತ್ತಿದಾಗ ಲೇಪ ಹರಿದು ಬೂದು ಗೆರೆ ಬೀಳುತ್ತವೆ. ನಮ್ಮ ಮೊದಲ ನಾಣ್ಯದ ಗತಿ ಅದೇ ಆಯಿತು. 1982ರಲ್ಲಿ ಎರಡೂ ಬಂದಿವೆ, ಮೇಜಿನ ಮೇಲೆ ಬೀಳಿಸಿ ನೋಡಿ: ತಾಮ್ರದ್ದು ಣಿಣ್ ಅನ್ನುತ್ತದೆ. ಕಪ್ಪಾಗಿದ್ದರೆ ಮನೆಯಲ್ಲೇ ತೊಳೆದುಕೊಂಡು ಹೋಗಬೇಕು. ಇಲ್ಲಿಯವರು ವಿನಿಗರ್, ಉಪ್ಪು ಬಳಸುತ್ತಾರೆ. ನಮ್ಮತ್ತೆ ಹುಣಸೆಹಣ್ಣು ಹಚ್ಚಿ ಉಜ್ಜಿದರು, ಅದೇ ಜಾಸ್ತಿ ಹೊಳೆಯಿತು.

"ಸರ್ಕಾರದ ನಾಣ್ಯ ಹಾಳು ಮಾಡಿದರೆ ಕೇಸಾಗಲ್ವಾ?" ಅಂತ ಮಾವನಿಗೆ ಚಿಂತೆ. ಮೋಸ ಮಾಡುವ ಉದ್ದೇಶವಿದ್ದರೆ ಮಾತ್ರ ಇಲ್ಲಿ ತಪ್ಪು. ಆಮೇಲೆ ಮಾವನೇ ಗುಟ್ಟು ಬಿಟ್ಟರು: ಹುಡುಗರಾಗಿದ್ದಾಗ ರೈಲು ಹಳಿ ಮೇಲೆ ಐದು ಪೈಸೆ ಇಟ್ಟವರಂತೆ! ಮಕ್ಕಳ ಎದುರು ಹೇಳಬಾರದಿತ್ತು.

ಚಲಾವಣೆಗೆ ಪೆನ್ನಿ ಅಚ್ಚು ಹಾಕುವುದನ್ನು ಅಮೆರಿಕ 2025ರ ನವೆಂಬರ್‌ನಲ್ಲಿ ನಿಲ್ಲಿಸಿತು. ಹಾಗಾಗಿ ಉಪ್ಪಿನಕಾಯಿ ಬಾಟಲಿಯಲ್ಲಿ ಹಳೆಯವನ್ನು ಕೂಡಿಡುತ್ತಿದ್ದೇವೆ, ಹದಿನಾಲ್ಕು ಸಿಕ್ಕಿವೆ. ಕ್ವಾರ್ಟರ್‌ಗಳದ್ದೇ ಕಷ್ಟ. ಎಲ್ಲ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಮಷಿನ್ ಪಾಲಾಗುತ್ತವೆ.