ಅಂಗಡಿ ಮೇಲಿನ ಮನೆಯೋ, ಒಳಗಲ್ಲಿಯೋ, ಪಾರ್ಕಿನ ಎದುರೋ: ಒಂದೇ ಏರಿಯಾದ ಮೂರು ಮನೆಗಳ ಹೋಲಿಕೆ

ಬಾಡಿಗೆ ಕೈಗೆಟುಕುತ್ತದೆ, ನಾಲ್ಕಾರು ಭಾಷೆಯವರು ಬೆರೆತಿದ್ದಾರೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಪಾರ್ಕೋ ಮ್ಯೂಸಿಯಮ್ಮೋ ಇದೆ. ಇಂಥ ಏರಿಯಾ ಸಿಕ್ಕರೂ ಮುಗಿಯುವುದು ಅರ್ಧ ಕೆಲಸ ಮಾತ್ರ. ಅದರೊಳಗೆ ಮನೆ ಯಾವ ಜಾಗದಲ್ಲಿದೆ ಎನ್ನುವುದರ ಮೇಲೆ ನಿದ್ದೆ, ಬೆಳಕು, ನೀರು, ಖರ್ಚು ಎಲ್ಲವೂ ಬದಲಾಗುತ್ತವೆ. ಮುಖ್ಯ ಬೀದಿಯ ಅಂಗಡಿ ಮೇಲಿನ ಮನೆ, ಅಲ್ಲಿಂದ ಎರಡು ತಿರುವು ಒಳಗಿನ ಗಲ್ಲಿ ಮನೆ, ಜನ ನೋಡಲು ಬರುವ ಜಾಗದ ಎದುರಿನ ಮನೆ, ಮೂರರಲ್ಲೂ ಇದ್ದು ನೋಡಿದ ಮೇಲೆ ಮಾಡಿದ ಹೋಲಿಕೆ ಇದು.

ಮುಖ್ಯ ಬೀದಿಯ ಮನೆಯ ಸುಖ ಎಲ್ಲರಿಗೂ ಗೊತ್ತಿರುವುದೇ. ಮೆಟ್ಟಿಲಿಳಿದರೆ ಅಂಗಡಿ, ಎದುರಿಗೆ ಬಸ್ಸು, ರಾತ್ರಿ ತಡವಾಗಿ ಬಂದರೂ ಬೀದಿಯಲ್ಲಿ ಬೆಳಕು, ಜನ. ಕಷ್ಟವೆಲ್ಲ ಸದ್ದಿನದು. ‘ಮೂರನೇ ಮಹಡಿ ಸಾರ್, ಸದ್ದು ಮೇಲೆ ಬರಲ್ಲ’ ಎನ್ನುವ ಮಾತನ್ನು ನಂಬಬೇಡಿ. ಎರಡೂ ಬದಿ ಕಟ್ಟಡಗಳಿರುವ ಬೀದಿಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿಯುತ್ತಾ ಮೇಲೇರುತ್ತದೆ. ಎರಡು ಮಹಡಿ ಹತ್ತಿದರೂ ಹೆಚ್ಚೇನೂ ಇಳಿಯುವುದಿಲ್ಲ. ರಸ್ತೆ ಸಂಚಾರದ ರಾತ್ರಿ ಸದ್ದು ಮನೆಯ ಹೊರಗೆ ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ರಾತ್ರಿಯಿಡೀ ಬಸ್ಸು, ಲಾರಿ ಓಡಾಡುವ ಬೀದಿಯಲ್ಲಿ ಅಷ್ಟು ಕಡಿಮೆ ಸಿಗುವುದು ಕಷ್ಟ.

ಕಿಟಕಿಗೆ ದಪ್ಪ ಗಾಜು ಹಾಕಿಸುವ ಮೊದಲು ಸಂದು ನೋಡಿ. ತೆಳು ಕಾಗದದ ಚೂರನ್ನು ಚೌಕಟ್ಟಿಗೂ ಕದಕ್ಕೂ ನಡುವೆ ಇಟ್ಟು ಕಿಟಕಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಗಾಳಿ, ಧೂಳು, ಸದ್ದು ಮೂರೂ ಅಲ್ಲಿಂದಲೇ ಬರುತ್ತಿವೆ. ಸುತ್ತ ನಾಲ್ಕೈದು ಕಡೆ ಹೀಗೆ ಪರೀಕ್ಷಿಸಿ, ಸಡಿಲವಿದ್ದಲ್ಲಿ ರಬ್ಬರ್ ಪಟ್ಟಿ ಅಂಟಿಸಿದರೆ ಬಹಳಷ್ಟು ಹಿಡಿತಕ್ಕೆ ಬರುತ್ತದೆ. ಇನ್ನೊಂದು, ಕೆಳಗಿನ ಅಂಗಡಿಯ ಫ್ರಿಜ್ ಕಂಪ್ರೆಸರ್. ಹಗಲಲ್ಲಿ ಕೇಳುವುದಿಲ್ಲ; ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಗುಂಯ್ ಎನ್ನುತ್ತದೆ. ಮಲಗುವ ಕೋಣೆಯ ಗೋಡೆಗೂ ನೆಲಕ್ಕೂ ಅಂಗೈ ಒತ್ತಿ ಅರ್ಧ ನಿಮಿಷ ನಿಲ್ಲಿ. ಕಂಪನ ಕೈಗೆ ಸಿಕ್ಕಿದರೆ ಆ ಮನೆ ಬಿಡಿ, ರಬ್ಬರ್ ಪಟ್ಟಿಗೆ ಅದು ಬಗ್ಗುವುದಿಲ್ಲ.

ಒಳಗಲ್ಲಿ ಗೆಲ್ಲುವುದು ಇಲ್ಲೇ. ರಸ್ತೆಯಿಂದ ದೂರ ಎರಡು ಪಟ್ಟಾದರೆ ಸದ್ದು ಇಳಿಯುವುದು ಸುಮಾರು 3 ಡೆಸಿಬಲ್ ಅಷ್ಟೇ. ನಡುವೆ ಒಂದು ಸಾಲು ಕಟ್ಟಡ ಅಡ್ಡ ಬಂದರೆ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ. ಹಾಗಾಗಿ ಮೀಟರ್ ಎಣಿಸಬೇಡಿ, ತಿರುವು ಎಣಿಸಿ. ಮುಖ್ಯ ಬೀದಿಗೆ ನೇರ ತೆರೆದುಕೊಂಡ ಗಲ್ಲಿಯಲ್ಲಿ 100 ಮೀಟರ್ ಒಳಗಿರುವ ಮನೆಗಿಂತ, ಒಂದು ತಿರುವು ದಾಟಿ 40 ಮೀಟರ್‌ನಲ್ಲಿರುವ ಮನೆಯಲ್ಲಿ ಸದ್ದು ಕಡಿಮೆ. ಬಸ್ಸು ದೂರವಾಯಿತು ಎನ್ನುತ್ತೀರಾ? ಗಂಟೆಗೆ 5 ಕಿಲೋಮೀಟರ್ ನಡಿಗೆಯಲ್ಲಿ 300 ಮೀಟರ್‌ಗೆ ನಾಲ್ಕು ನಿಮಿಷವೂ ಬೇಡ.

ಗಲ್ಲಿ ಕೈಕೊಡುವುದು ಬೆಳಕಿನಲ್ಲಿ. 3 ಮೀಟರ್ ಅಗಲದ ಗಲ್ಲಿಗೆ 9 ಮೀಟರ್ ಎತ್ತರದ ಎದುರುಮನೆ ಇದ್ದರೆ ಕೆಳಮನೆಗೆ ಆಕಾಶವೇ ಇಲ್ಲ. ಕೋಣೆಯ ನಡುವೆ ಕುರ್ಚಿಯಲ್ಲಿ ಕೂತು ಕಿಟಕಿ ನೋಡಿ. ಆಕಾಶದ ಒಂದು ಚೂರಾದರೂ ಕಾಣದಿದ್ದರೆ ಹಗಲಲ್ಲೂ ಲೈಟು ಉರಿಸಬೇಕಾಗುತ್ತದೆ, ಬಟ್ಟೆ ಒಣಗುವುದಿಲ್ಲ, ಬೀರು ಹಿಂದಿನ ಗೋಡೆಗೆ ಬೂಷ್ಟು ಬರುತ್ತದೆ. ಬೆಳಕಿಗೆಂದು ಕಟ್ಟಕಡೆಯ ಮಹಡಿ ಹಿಡಿದರೆ ನೀರಿನ ತಕರಾರು. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ 0.1 ಬಾರ್ ಮಾತ್ರ. ತಾರಸಿಯ ಟ್ಯಾಂಕು ಎರಡು ಮೀಟರ್ ಮೇಲಿದ್ದರೂ 0.2 ಬಾರ್, ನೀರಿನ ಹರಿವಿನಿಂದಲೇ ಆನ್ ಆಗುವ ಇನ್‌ಸ್ಟೆಂಟ್ ಗೀಸರ್‌ಗಳು ಹರಿವು ಸಾಲದೆ ಎಷ್ಟೋ ಸಲ ಆನ್ ಆಗುವುದೇ ಇಲ್ಲ. ಬಚ್ಚಲ ನಲ್ಲಿಗೆ 10 ಲೀಟರ್ ಬಕೆಟ್ ಇಟ್ಟು, ಅಡುಗೆಮನೆ ನಲ್ಲಿಯನ್ನೂ ತೆರೆದಿಟ್ಟು ಗಡಿಯಾರ ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ ಚಿಂತೆಯಿಲ್ಲ. ಎರಡು ದಾಟಿದರೆ ಪಂಪ್ ಹಾಕಿಸಲು ಒಪ್ಪುತ್ತಾರಾ ಎಂದು ಮೊದಲೇ ಕೇಳಿ. ಮೂರು ಮಹಡಿಯಲ್ಲಿ ನಡುವಿನದು ಈ ಎರಡೂ ತಾಪತ್ರಯಕ್ಕೆ ರಾಜಿ.

ಪಾರ್ಕಿನ ಇಲ್ಲವೇ ಮ್ಯೂಸಿಯಮ್ಮಿನ ಎದುರಿನ ಮನೆಯಷ್ಟು ಮೊದಲ ನೋಟಕ್ಕೆ ಮರುಳು ಮಾಡುವುದು ಇನ್ನೊಂದಿಲ್ಲ. ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಆ ದಿನ ಮನೆ ನೋಡಿದವರಿಗೆ ಸ್ವರ್ಗವೇ ಸಿಕ್ಕಿದಂತೆ. ಭಾನುವಾರ ಸಂಜೆ 4 ಗಂಟೆಗೆ ಅದೇ ಬಾಗಿಲಲ್ಲಿ ನಿಂತು ನೋಡಬೇಕು: ಗೇಟಿಗೆ ಅಡ್ಡ ನಿಂತ ಗಾಡಿ, ಕಾಂಪೌಂಡ್ ಪಕ್ಕ ಬಿಸಾಡಿದ ಕಪ್‌ಗಳು, ಕವರುಗಳು. ಹತ್ತಿರದ ಅಂಗಡಿಯಲ್ಲಿ ಬಲೂನು ಸಿಗುತ್ತದೆ, ಬಲ್ಬು ಸಿಗುವುದಿಲ್ಲ. ಪಕ್ಕದ ಮನೆಗಳನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುತ್ತಿದ್ದರೆ ನಡುರಾತ್ರಿ ಸೂಟ್‌ಕೇಸಿನ ಗಾಲಿ ಸದ್ದು ಖಾಯಂ, ಮತ್ತು ನಿಮ್ಮ ಮಾಲೀಕರಿಗೂ ಅದೇ ಆಸೆ ಹುಟ್ಟಬಹುದು. ಬಾಡಿಗೆ ಎಷ್ಟು ಕಾಲ ಏರುವುದಿಲ್ಲ, ಖಾಲಿ ಮಾಡಿಸಲು ಎಷ್ಟು ತಿಂಗಳ ನೋಟಿಸು, ಎರಡನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.

ಬೆರೆತ ಜನವಸತಿಯ ಲಾಭ ಮೂರೂ ಕಡೆ ಒಂದೇ. ಒಬ್ಬರ ಹಬ್ಬಕ್ಕೆ ಅಂಗಡಿ ಮುಚ್ಚಿದರೆ ಇನ್ನೊಬ್ಬರದು ತೆರೆದಿರುತ್ತದೆ. ಹಬ್ಬದ ಮೈಕುಗಳೂ ಹಾಗೇ ಸರದಿಯಲ್ಲಿ ಬರುತ್ತವೆ, ಅದನ್ನೂ ಹೇಳಬೇಕಲ್ಲ. ಗಲ್ಲಿಯಲ್ಲಿ ನೀರಿಲ್ಲ, ರಸ್ತೆ ಅಗೆಯುತ್ತಾರೆ ಎಂಬ ಸುದ್ದಿ ಒಂದೇ ಭಾಷೆಯಲ್ಲಿ ಓಡಾಡುವುದುಂಟು. ಮನೆಗೆ ಬಂದ ವಾರವೇ ಗಲ್ಲಿಯ ವಾಟ್ಸಾಪ್ ಗುಂಪಿಗೆ ಸೇರಿಕೊಳ್ಳಿ.

ಬಾಡಿಗೆ ಆದಾಯದ ಶೇ. 30 ದಾಟಬಾರದು ಎಂಬುದು ಹಳೆಯ ಲೆಕ್ಕ. ಓಡಾಟದ ಖರ್ಚೂ ಸೇರಿ ಶೇ. 45ರೊಳಗೆ ಇರಲಿ ಎನ್ನುವುದು ಹೆಚ್ಚು ಉಪಯೋಗದ್ದು. ಒಂದೇ ಏರಿಯಾದೊಳಗೆ ಓಡಾಟದ ಖರ್ಚು ಹೆಚ್ಚುಕಡಿಮೆ ಸಮ. ಹಾಗಾಗಿ ಪಾರ್ಕಿನ ಎದುರು ಹೆಚ್ಚಿಗೆ ಕೇಳುವ ಬಾಡಿಗೆ ಬರೀ ನೋಟದ ಬೆಲೆ, ಐದು ನಿಮಿಷ ನಡೆದರೆ ಅದೇ ನೋಟ ಬಿಟ್ಟಿ. ನಮ್ಮ ಮತ ಗಲ್ಲಿಯ ನಡುಮಹಡಿಗೆ. ಮಂಡಿನೋವಿನವರು ಇದ್ದರೆ ಮುಖ್ಯ ಬೀದಿಯೇ ಸರಿ, ಮಲಗುವ ಕೋಣೆ ಹಿಂಬದಿಗಿದ್ದರೆ ಮಾತ್ರ. ಪಾರ್ಕಿನ ಎದುರು ಇರಬೇಕಾದವರು ವಾರದ ನಡುವೆ ರಜೆ ಇರುವವರು.

ಮುಂಗಡ ಕೊಡುವ ಮುಂಚೆ ಗಲ್ಲಿ ಮನೆಗೆ ಟೇಪು ಹಿಡಿದು ಹೋಗಿ. ಬೀರು ಬಾಗಿಲಲ್ಲಿ ನುಗ್ಗುತ್ತದೆ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಳೆಯಬೇಕಾದ್ದು ಆ ತಿರುವಿನ ಕಟ್ಟೆಯ ಅಗಲವನ್ನು, ಮತ್ತು ಅಲ್ಲಿ ತಲೆ ಮೇಲಿನ ಎತ್ತರವನ್ನು.