ಭೀಮಾ ದಂಡೆಗೆ ಯಾವ ಕುರ್ಚಿ: ಎರೆ ಮಣ್ಣಿನ ಮೇಲೆ ಇಟ್ಟು, ಕೂತು ನೋಡಿದ್ದು

ಗಾಳ ಹಾಕುವವರಿಗೆ ಕುರ್ಚಿ ಯಾತಕ್ಕೆ ಅಂತ ನಮ್ಮ ಕಾಕಾ ಬಹಳ ವರ್ಷ ಕೇಳುತ್ತಿದ್ದರು. ಗೋಣಿಚೀಲ ಹಾಸಿ ಮುಂಜಾನೆ ಆರಕ್ಕೆ ಕೂತರೆ ಹನ್ನೊಂದರ ತನಕ ಅಲ್ಲಾಡುತ್ತಿರಲಿಲ್ಲ. ಅರವತ್ತೈದು ದಾಟಿದ ಮೇಲೆ ಮೊಣಕಾಲು ಹಿಡಿಯತೊಡಗಿದವು. ಒಂದು ದಿನ ಅವರೇ ಬಾಯಿ ಬಿಟ್ಟರು: "ಕೂಡ್ಲಾಕ ಏನರ ನೋಡಪಾ, ಏಳ್ಲಾಕ ಆಗವಲ್ದು."

ಅಲ್ಲಿಂದ ಎರಡು ವರ್ಷದಲ್ಲಿ ಐದು ಬಗೆಯ ಕುರ್ಚಿಗಳ ಮೇಲೆ ನಾವಿಬ್ಬರೂ ಕೂತಿದ್ದೇವೆ. ಕೂತ ಜಾಗ ಮೂರು: ಕಲಬುರಗಿ-ಜೇವರ್ಗಿ ರಸ್ತೆಯ ಫಿರೋಜಾಬಾದ್ ಹತ್ತಿರ ಭೀಮಾ ನದಿ, ಮಳಖೇಡದಲ್ಲಿ ಕಾಗಿಣಾ ನದಿ, ಬೀದರ್ ಕಡೆ ಕಾರಂಜಾ ಜಲಾಶಯದ ಹಿನ್ನೀರು. ಕೆಳಗೆ ಹೇಳುವ ತೂಕ ಡಬ್ಬಿಯ ಮೇಲೆ ಅಚ್ಚಾದದ್ದಲ್ಲ, ನಮ್ಮ ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ತೋರಿಸಿದ್ದು.

ಮೊದಲು ಒಯ್ದದ್ದು ಮನೆಯ ಪ್ಲಾಸ್ಟಿಕ್ ಕುರ್ಚಿ. ತೂಕ ಎರಡೂವರೆ ಕಿಲೋ ಒಳಗೆ, ಕೂರಲು ಎತ್ತರವೂ ಸರಿ. ಆದರೆ ಮಡಚಲು ಬರುವುದಿಲ್ಲ, ಬೈಕಿನ ಹಿಂದೆ ಕೂತವನು ತಲೆಯ ಮೇಲೆ ಹಿಡಿದುಕೊಂಡೇ ಬರಬೇಕು. ಅದರ ಕಾಲಿನ ಅಂಚು ತೆಳು, ಹಸಿ ಎರೆ ಮಣ್ಣಿನೊಳಗೆ ಚಾಕುವಿನಂತೆ ಇಳಿಯುತ್ತದೆ. ಎರಡೇ ಸಲಕ್ಕೆ ಬಿಟ್ಟೆವು.

ಎರಡನೆಯದು ತೋಳಿರುವ ಮಡಚು ಕುರ್ಚಿ, ಉಕ್ಕಿನ ಕೊಳವೆಗೆ ದಪ್ಪ ಬಟ್ಟೆ ಹೊಲಿದದ್ದು. ಮೂರು ಕಿಲೋ ಇನ್ನೂರು ಗ್ರಾಂ. ಛತ್ರಿಯಂತೆ ಮಡಚಿ ಚೀಲಕ್ಕೆ ಹಾಕಿ ಹೆಗಲಿಗೆ ಏರಿಸಬಹುದು. ಕಾಕಾನಿಗೆ ಇದು ಒಗ್ಗಿತು. ಎರಡೂ ತೋಳಿಗೆ ಕೈ ಊರಿ ತಾವಾಗಿಯೇ ಏಳುತ್ತಾರೆ, ನನ್ನ ಕೈ ಬೇಡ. ನನಗೆ ಮಾತ್ರ ಅದೇ ತೋಳು ಅಡ್ಡಿ. ಮೀನು ಕಚ್ಚಿದಾಗ ಕೋಲನ್ನು ಪಕ್ಕಕ್ಕೆ ಜಗ್ಗಬೇಕು, ಮೊಣಕೈ ಹೋಗಿ ಕೊಳವೆಗೆ ಬಡಿಯುತ್ತದೆ. ಇನ್ನೊಂದು ಕೊರತೆ ಬಟ್ಟೆಯದು. ನಡುಬೆನ್ನಿನ ಹೊಲಿಗೆ ನಾಲ್ಕೇ ತಿಂಗಳಿಗೆ ಬಿಚ್ಚಿತು, ಕೊಟ್ಟ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕೊನೆಗೆ ಚಮ್ಮಾರರ ಹತ್ತಿರ ನೈಲಾನ್ ದಾರದಿಂದ ಎರಡು ಸಾಲು ಹಾಕಿಸಿದೆ, ಇವತ್ತಿಗೂ ಗಟ್ಟಿ ಇದೆ. ಕೊಳ್ಳುವವರು ಕೂರುವ ಬಟ್ಟೆಯನ್ನು ತಿರುವಿ, ಕೊಳವೆ ಸೇರುವ ನಾಲ್ಕು ಮೂಲೆಗಳಲ್ಲಿ ಹೊಲಿಗೆ ಎಷ್ಟು ಸಾಲು ಇದೆ ನೋಡಿ.

ಮೂರನೆಯದು ಮೂರು ಕಾಲಿನ ಸ್ಟೂಲ್, ಏಳುನೂರು ಗ್ರಾಂ. ಬೆನ್ನಿಗೆ ಆಸರೆ ಇಲ್ಲ, ಒಂದು ತಾಸು ದಾಟಿದರೆ ಸೊಂಟ ಹಿಡಿಯುತ್ತದೆ. ಹಾಗಂತ ತೆಗೆದುಹಾಕಲು ಮನಸ್ಸಿಲ್ಲ. ಕಾಗಿಣಾ ದಂಡೆ ನೋಡಿದವರಿಗೆ ಗೊತ್ತು, ಅಲ್ಲಿ ಮಣ್ಣಿಗಿಂತ ಪರಸಿ ಕಲ್ಲೇ ಹೆಚ್ಚು, ಪದರ ಪದರವಾಗಿ ಮೆಟ್ಟಿಲಿನಂತೆ ಎದ್ದಿರುತ್ತದೆ. ನಾಲ್ಕು ಕಾಲಿನ ಕುರ್ಚಿ ಅಲ್ಲಿ ಒಂದು ಕಾಲು ಎತ್ತಿಕೊಂಡು ಕುಣಿಯುತ್ತದೆ, ಮೂರು ಕಾಲಿನದು ಎಂಥ ಕಲ್ಲಿನ ಮೇಲೂ ಮೂರನ್ನೂ ಊರುತ್ತದೆ. ಮಳಖೇಡಕ್ಕೆ ಹೋದರೆ ನಾನು ಈಗಲೂ ಅದನ್ನೇ ಒಯ್ಯುತ್ತೇನೆ, ಬೆನ್ನಿಗೆ ಬಂಡೆ ಹುಡುಕಿಕೊಳ್ಳುತ್ತೇನೆ.

ನಾಲ್ಕನೆಯದು ಬೀದರಿನ ಗೆಳೆಯನದು. ಗಾಳದವರಿಗೆಂದೇ ಮಾಡಿದ ಕುರ್ಚಿ: ನಾಲ್ಕೂ ಕಾಲನ್ನು ಬೇರೆ ಬೇರೆ ಉದ್ದಕ್ಕೆ ಎಳೆದು ನಿಲ್ಲಿಸಬಹುದು, ತುದಿಗೆ ಅಂಗೈಯಷ್ಟು ಅಗಲದ, ಅತ್ತಿತ್ತ ವಾಲುವ ಬಿಲ್ಲೆ, ಬೆನ್ನಿಗೆ ಮೆತ್ತೆ. ಇಳಿಜಾರಿನ ದಂಡೆಯಲ್ಲಿ ಮುಂದಿನ ಕಾಲು ಉದ್ದ, ಹಿಂದಿನದು ಗಿಡ್ಡ ಮಾಡಿಕೊಂಡರೆ ಮನೆಯ ಅಂಗಳದಲ್ಲಿ ಕೂತ ಹಾಗೆ. ಕಾರಂಜಾದಲ್ಲಿ ಇಡೀ ದಿನ ಕೂತೆ, ಎಲ್ಲೂ ನೋವಿಲ್ಲ. ಸುಖಕ್ಕೆ ಇದರ ಮುಂದೆ ಉಳಿದವು ನಿಲ್ಲವು. ಆದರೆ ತೂಕ ಐದೂವರೆ ಕಿಲೋ. ಗೆಳೆಯನ ಕಾರು ನೀರಿನಿಂದ ಐವತ್ತು ಹೆಜ್ಜೆಗೆ ನಿಲ್ಲುತ್ತದೆ. ನಾವು ಬೈಕ್ ಬಿಟ್ಟು ತೊಗರಿ ಹೊಲದ ಬದುವಿನ ಮೇಲೆ ಒಂದು ಕಿಲೋಮೀಟರ್ ನಡೆಯಬೇಕು, ಮಳೆ ಬಿದ್ದ ಮರುದಿನ ಚಪ್ಪಲಿಗೆ ಮೆತ್ತುವ ಎರೆಯೇ ಅರ್ಧ ಕಿಲೋ ಆಗುತ್ತದೆ. ಕಾರು ದಂಡೆ ತನಕ ಹೋಗುವವರು ಬೇರೆ ಯೋಚನೆ ಮಾಡದೆ ಇದನ್ನೇ ಕೊಳ್ಳಿ.

ಐದನೆಯದು ನನ್ನದು. ಅಲ್ಯೂಮಿನಿಯಂ ಕಡ್ಡಿಗಳು, ಒಳಗೆ ಎಲಾಸ್ಟಿಕ್ ದಾರ, ಜೋಡಿಸಿದರೆ ತಾವೇ ಒಂದಕ್ಕೊಂದು ಸೇರುತ್ತವೆ. ಮೇಲೆ ಜಾಳಿಗೆಯಂಥ ಬಟ್ಟೆ. ಒಂದು ಕಿಲೋ ಐವತ್ತು ಗ್ರಾಂ, ರೊಟ್ಟಿ ಗಂಟಿನ ಜೊತೆ ಚೀಲದಲ್ಲಿ ಕೂರುತ್ತದೆ. ತೋಳಿಲ್ಲ, ಕೋಲು ಸಲೀಸು. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲೂ ಜಾಳಿಗೆಯಿಂದ ಗಾಳಿ ಆಡುತ್ತದೆ, ಬೆನ್ನು ತೊಯ್ಯುವುದಿಲ್ಲ. ಮೀನಿನ ಲೋಳೆ ಹತ್ತಿದರೆ ಒಂದು ತಂಬಿಗೆ ನೀರು ಸಾಕು. ಕೂರುವ ಎತ್ತರ ಮಾತ್ರ ಒಂದು ಗೇಣು ಚಿಲ್ಲರೆ. ಕಾಕಾ ಒಮ್ಮೆ ಕೂತು, ನನ್ನ ಭುಜ ಹಿಡಿದು ಎದ್ದು, ಮತ್ತೆ ಅದರ ಹತ್ತಿರ ಹೋಗಲಿಲ್ಲ.

ಇದರ ದೊಡ್ಡ ದೋಷ ಗೊತ್ತಾದದ್ದು ಹೋದ ನವೆಂಬರಿನಲ್ಲಿ. ನದಿ ಇಳಿದ ಮೇಲೆ ದಂಡೆಯ ಎರೆ ಮೇಲೆ ಹೆಪ್ಪುಗಟ್ಟಿ ಬಿರಿದಿರುತ್ತದೆ, ನಾಲ್ಕು ಬೆರಳು ಕೆಳಗೆ ಬರೀ ರಾಡಿ. ಜೋಳದ ಹಿಟ್ಟು, ಶೇಂಗಾ ಹಿಂಡಿ ಕಲಸಿ ಹಾಕಿದ ಗಾಳಕ್ಕೆ ಒಳ್ಳೆ ತೂಕದ ರೋಹು ಬಿತ್ತು. ನಾನು ಹಿಂದಕ್ಕೆ ಒರಗಿ ಜಗ್ಗಿದೆ. ಕುರ್ಚಿಯ ಹಿಂದಿನ ಬಲಗಾಲು ಹೆಪ್ಪು ಒಡೆದು ಒಳಗೆ ಹೋಯಿತು, ನಾನು ಆ ಕಡೆಗೆ ಬಿದ್ದೆ, ದಾರ ಸಡಿಲಾಗಿ ಮೀನು ಹೋಯಿತು. ಆ ಸಂಕಟ ಇನ್ನೂ ಇದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ತೂಕ 76 ಕಿಲೋ, ಒಂದೊಂದು ಕಾಲಿಗೆ 19. ಕಾಲಿನ ರಬ್ಬರ್ ಬೂಚು 2 ಸೆಂಟಿಮೀಟರ್ ಅಗಲ, ಅಂದರೆ ಸುಮಾರು 3 ಚದರ ಸೆಂಟಿಮೀಟರ್, ಒಂದೊಂದು ಚದರ ಸೆಂಟಿಮೀಟರಿನ ಮೇಲೆ 6 ಕಿಲೋ ಭಾರ. ಅದೇ ಬೂಚು 5 ಸೆಂಟಿಮೀಟರ್ ಅಗಲವಾದರೆ ಭಾರ 1 ಕಿಲೋಗೆ ಇಳಿಯುತ್ತದೆ. ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿ ಭಾಗದಿಂದ ಎಂಟು ಬಿಲ್ಲೆ ಕತ್ತರಿಸಿದೆ. ನಾಲ್ಕಕ್ಕೆ ನಡುವೆ ಬೂಚಿಗಿಂತ ಒಂದು ಎಳೆ ಸಣ್ಣ ತೂತು, ಉಳಿದ ನಾಲ್ಕು ಇಡಿಯಾಗಿ. ತೂತಿನದು ಮೇಲೆ, ಇಡಿಯದು ಕೆಳಗೆ, ನಡುವೆ ಒಂದು ಕಬ್ಬಿಣದ ವಾಷರ್ ಇಟ್ಟು ಚಪ್ಪಲಿ ಅಂಟಿನಿಂದ ಕೂಡಿಸಿ, ಇಡೀ ರಾತ್ರಿ ರುಬ್ಬು ಗುಂಡಿನ ಕೆಳಗೆ ಒತ್ತಿ ಇಟ್ಟೆ. ಈಗ ಬೂಚು ತೂತಿನೊಳಗೆ ಬಿಗಿಯಾಗಿ ಕೂರುತ್ತದೆ. ಅದಾದ ಮೇಲೆ ಅದೇ ದಂಡೆಯಲ್ಲಿ ಹತ್ತಾರು ಸಲ ಕೂತಿದ್ದೇನೆ, ಎದ್ದ ಮೇಲೆ ನೋಡಿದರೆ ಮಣ್ಣಿನಲ್ಲಿ ಬಿಲ್ಲೆಯ ಗುರುತು ಅರ್ಧ ಬೆರಳೂ ಆಳ ಇರುವುದಿಲ್ಲ.

ಹಾಗಾಗಿ ಈಗ ಕಾಕಾನಿಗೆ ತೋಳಿನ ಕುರ್ಚಿ, ನನಗೆ ಕಡ್ಡಿ ಕುರ್ಚಿ, ಎರಡೂ ನನ್ನ ಹೆಗಲಿಗೆ. ತೋಳಿನದಕ್ಕೂ ಬಿಲ್ಲೆ ಮಾಡಿದ್ದೇನೆ, ಅದರ ಕೊಳವೆ ದಪ್ಪ ಇರುವುದರಿಂದ ತೂತು ಸ್ವಲ್ಪ ದೊಡ್ಡದು. ಎಲ್ಲಿ ಇಡುವುದು ಅನ್ನುವುದು ಮಾತ್ರ ಕಾಕಾನ ತೀರ್ಮಾನ. ಮೇಲೆ ಬ್ಯಾರೇಜಿನ ಗೇಟು ಎತ್ತಿದರೆ ಭೀಮಾ ಸದ್ದಿಲ್ಲದೆ ಏರುತ್ತದೆ. ಅವರು ನೀರಂಚಿಗೆ ಒಂದು ತೊಗರಿ ಕಟ್ಟಿಗೆ ನೆಟ್ಟು, ಅಲ್ಲಿಂದ ಎರಡು ಮಾರು ಹಿಂದಕ್ಕೆ ಕುರ್ಚಿ ಹಾಕಿಸುತ್ತಾರೆ. ನೀರು ಕಟ್ಟಿಗೆ ದಾಟಿತೋ, ಗಾಳದಲ್ಲಿ ಎಂಥ ಮೀನಿದ್ದರೂ "ಏಳು, ಖುರ್ಚಿ ಎತ್ತು" ಅನ್ನುತ್ತಾರೆ. ನಾನು ನನ್ನದನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈ ಅವರಿಗೆ ಕೊಡುತ್ತೇನೆ.