ಪಿಎಸ್ 5ರ ಖಾಲಿ ಸ್ಲಾಟಿಗೆ ಮೂರು ಎಸ್‌ಎಸ್‌ಡಿಗಳು: ಹಾಕಿ ನೋಡಿದ ಮೇಲಿನ ಹೋಲಿಕೆ

ಹೊಸ ಗೇಮ್ ಒಂದನ್ನು ಹಾಕಬೇಕೆಂದರೆ ಹಳೆಯದೊಂದನ್ನು ಅಳಿಸಲೇಬೇಕು ಎಂಬ ಸ್ಥಿತಿ ನಮ್ಮ ಮನೆಯ ಸೋನಿ ಗೇಮ್ ಕನ್ಸೋಲ್ ಪಿಎಸ್ 5ಕ್ಕೆ ಬಂದು ವರ್ಷ ಕಳೆದಿತ್ತು. 2020ರ ನವೆಂಬರಿನಲ್ಲಿ ಹೊರದೇಶಗಳಲ್ಲಿ ಬಿಡುಗಡೆಯಾಗಿ 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಮೊದಲ ಮಾದರಿ ನಮ್ಮದು. ಅದರೊಳಗೆ ಗೇಮ್‌ಗಳನ್ನು ಕೂಡಿಡುವ ಎಸ್‌ಎಸ್‌ಡಿ 825 ಜಿಬಿಯದಾದರೂ, ಯಂತ್ರದ ಸ್ವಂತ ತಂತ್ರಾಂಶ ತನ್ನ ಪಾಲನ್ನು ತೆಗೆದುಕೊಂಡ ಮೇಲೆ ನಮಗೆ ಉಳಿಯುವುದು 667 ಜಿಬಿ ಮಾತ್ರ. ನೂರು ಜಿಬಿಯ ಆಸುಪಾಸಿನ ಗೇಮ್‌ಗಳು ಆರು ಸೇರಿದರೆ ಜಾಗ ಮುಗಿಯಿತು. ನಾನು, ನನ್ನ ತಮ್ಮ ಮತ್ತು ಅಕ್ಕನ ಮಗ ಮೂವರೂ ಒಂದೇ ಯಂತ್ರವನ್ನು ಹಂಚಿಕೊಂಡಿರುವುದರಿಂದ, ಯಾರ ಗೇಮನ್ನು ಅಳಿಸಬೇಕು ಎಂಬುದು ಪ್ರತಿ ರಜೆಯಲ್ಲೂ ಪಂಚಾಯಿತಿಗೆ ಬರುವ ವ್ಯಾಜ್ಯವಾಗಿತ್ತು.

ಕಳೆದ ಎಂಟು ತಿಂಗಳಲ್ಲಿ ಈ ಯಂತ್ರದಲ್ಲಿ ಹೆಚ್ಚುವರಿ ಎಸ್‌ಎಸ್‌ಡಿ ಕೂಡಿಸಲೆಂದು ಇರುವ ಎಂ.2 ಸ್ಲಾಟಿನಲ್ಲಿ ಮೂರು ಡ್ರೈವ್‌ಗಳನ್ನು ಸರದಿಯ ಮೇಲೆ ಹಾಕಿ ಬಳಸಿದ್ದೇನೆ. ಮೊದಲನೆಯದು ನಾನೇ ಕೊಂಡ, ಶಾಖ ಹೊರಹಾಕುವ ಹೀಟ್‌ಸಿಂಕ್ ಸಮೇತ ಬರುವ 2 ಟಿಬಿಯ ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್. ಎರಡನೆಯದು ತಮ್ಮ ತನ್ನ ಲ್ಯಾಪ್‌ಟಾಪಿಗೆಂದು ತಂದಿದ್ದ 1 ಟಿಬಿಯ ಲೆಕ್ಸಾರ್ ಎನ್‌ಎಂ790. ಮೂರನೆಯದು ಕಚೇರಿಯ ಗೆಳೆಯರೊಬ್ಬರು ಎರವಲು ಕೊಟ್ಟ 1 ಟಿಬಿಯ ಕ್ರೂಷಿಯಲ್ ಪಿ3 ಪ್ಲಸ್. ಅಳತೆ ಸಮಾನವಲ್ಲದ ಮೂರನ್ನು ಹೋಲಿಸುವುದು ಪೂರ್ತಿ ನ್ಯಾಯವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಈ ಮೂರೂ ಮೂರು ಬಗೆಯ ಖರೀದಿಗೆ ಒಳ್ಳೆಯ ಪ್ರತಿನಿಧಿಗಳು.

ಸೋನಿ ಈ ಸ್ಲಾಟನ್ನು ಯಂತ್ರದೊಳಗೆ ಮೊದಲ ದಿನದಿಂದಲೇ ಇಟ್ಟಿತ್ತಾದರೂ ಎಲ್ಲ ಬಳಕೆದಾರರಿಗೆ ಅದನ್ನು ತೆರೆದದ್ದು 2021ರ ಸೆಪ್ಟೆಂಬರಿನ ಅಪ್‌ಡೇಟ್‌ನಲ್ಲಿ. ಆಗ 4 ಟಿಬಿಗೆ ನಿಂತಿದ್ದ ಗರಿಷ್ಠ ಮಿತಿ 2023ರ ಸೆಪ್ಟೆಂಬರಿನಲ್ಲಿ 8 ಟಿಬಿಗೆ ಏರಿತು. ಷರತ್ತುಗಳು ಸರಳವಾಗಿವೆ: ಡ್ರೈವ್ ಪಿಸಿಐಇ ಎಂಬ ವೇಗದ ಸಂಪರ್ಕದ ನಾಲ್ಕನೇ ತಲೆಮಾರಿನ ಎನ್‌ವಿಎಂಇ ಬಗೆಯದಾಗಿರಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಅದಕ್ಕಿಂತ ಹೆಚ್ಚಿರುವುದು ಒಳ್ಳೆಯದು, ಶಾಖ ಹೊರಹಾಕುವ ಹೀಟ್‌ಸಿಂಕ್ ಇರಲೇಬೇಕು, ಮತ್ತು ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಮೂರನೇ ತಲೆಮಾರಿನ ಡ್ರೈವ್‌ಗಳನ್ನು ಯಂತ್ರ ಸ್ವೀಕರಿಸುವುದಿಲ್ಲ.

ಇಷ್ಟು ಗೊತ್ತಿದ್ದೂ ನಾನು ಮೋಸಹೋಗುವ ಅಂಚಿಗೆ ಬಂದಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸುತ್ತಿದ್ದಾಗ ಒಂದು ಅಂಗಡಿಯವರು ಕೌಂಟರಿನ ಮೇಲೆ ಅಗ್ಗದ ಡ್ರೈವೊಂದನ್ನು ಇಟ್ಟು, ‘ಎಂ.2 ಅಂದ್ರೆ ಎಲ್ಲಾ ಒಂದೇ ಸಾರ್, ಕೂತ್ಕೊಳ್ಳುತ್ತೆ’ ಎಂದರು. ಅದರ ಚಿನ್ನದ ಬಣ್ಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡು ಕಡೆ ಕಚ್ಚುಗಳಿದ್ದವು. ಅದು ಸಾಟಾ ಎಂಬ ಹಳೆಯ, ನಿಧಾನದ ಬಗೆಯದು. ಪಿಎಸ್ 5ಕ್ಕೆ ಬೇಕಾದ ಡ್ರೈವಿನ ಅಂಚಿನಲ್ಲಿ ಒಂದೇ ಕಚ್ಚು ಇರುತ್ತದೆ. ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದುವ ತಾಳ್ಮೆ ಇಲ್ಲದವರೂ ಈ ಕಚ್ಚನ್ನು ಎಣಿಸಬಹುದು.

ಜೋಡಿಸುವ ವಿಷಯದಲ್ಲಿ ಮೂರರ ನಡುವಿನ ಅಂತರ ನಾನೆಣಿಸಿದ್ದಕ್ಕಿಂತ ದೊಡ್ಡದು. ಎಸ್‌ಎನ್850ಎಕ್ಸ್‌ನ ಹೀಟ್‌ಸಿಂಕ್ ಕಾರ್ಖಾನೆಯಲ್ಲೇ ಕೂಡಿಸಿ ಬರುತ್ತದೆ, ದಪ್ಪ 8.8 ಮಿಲಿಮೀಟರ್. ಬಿಳಿ ಹೊದಿಕೆಯನ್ನು ಜಾರಿಸಿ ತೆಗೆದು, ಸ್ಲಾಟಿನ ಮೇಲಿನ ಲೋಹದ ಮುಚ್ಚಳದ ಒಂದು ಸ್ಕ್ರೂ ಬಿಚ್ಚಿ, ಒಳಗಿನ ಪುಟ್ಟ ಸ್ಪೇಸರನ್ನು ಡ್ರೈವಿನ ಉದ್ದಕ್ಕೆ ಸರಿಹೊಂದುವ ಗುಳಿಗೆ ಸರಿಸಿ, ಡ್ರೈವನ್ನು ಓರೆಯಾಗಿ ತೂರಿಸಿ ಒತ್ತಿ ಸ್ಕ್ರೂ ಹಾಕಿದರೆ ಕೆಲಸ ಮುಗಿಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಸ್ಪೇಸರ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಷ್ಟೇ. ನಮ್ಮದು ಒಮ್ಮೆ ಸೋಫಾದ ಕೆಳಗೆ ಉರುಳಿತು. ಕೆಳಗೊಂದು ಬಿಳಿ ಟವೆಲ್ ಹಾಸಿಕೊಂಡು ಕೂರುವುದು ಕ್ಷೇಮ.

ಲೆಕ್ಸಾರ್ ಮತ್ತು ಕ್ರೂಷಿಯಲ್ ಎರಡೂ ನಮ್ಮ ಕೈಗೆ ಬಂದದ್ದು ಹೀಟ್‌ಸಿಂಕ್ ಇಲ್ಲದೆ, ಬರಿಯ ಹಲಗೆಯಾಗಿ. ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಹೀಟ್‌ಸಿಂಕ್ ನೋಡಲು ಭರ್ಜರಿಯಾಗಿತ್ತು. ಕೂಡಿಸಿದ ಮೇಲೆ ಮುಚ್ಚಳ ಮುಚ್ಚಲಿಲ್ಲ. ಒಟ್ಟು ದಪ್ಪ ಮಿತಿಯೊಳಗೇ ಇದೆಯಲ್ಲ ಎಂದು ಸ್ಕೇಲಿನಿಂದ ಅಳೆದು ನೋಡಿದಾಗ ತಪ್ಪು ಹೊಳೆಯಿತು: 11.25ರ ಲೆಕ್ಕ ಒಟ್ಟಾರೆಯದು, ಅದರಲ್ಲಿ ಹಲಗೆಯ ಮೇಲ್ಭಾಗಕ್ಕೆ 8 ಮಿಲಿಮೀಟರ್ ಮತ್ತು ಕೆಳಭಾಗಕ್ಕೆ 2.45 ಮಿಲಿಮೀಟರ್ ಎಂದು ಬೇರೆಬೇರೆ ಮಿತಿಗಳಿವೆ. ನಾನು ತಂದದ್ದರ ರೆಕ್ಕೆಗಳೆಲ್ಲ ಮೇಲೆಯೇ ಇದ್ದವು. ಎರಡನೆಯ ಬಾರಿ ತೆಳುವಾದದ್ದನ್ನು ತಂದು ಕೂಡಿಸಿದ ತಮ್ಮ, ಥರ್ಮಲ್ ಪ್ಯಾಡಿನ ಒಂದು ಬದಿಗೆ ಅಂಟಿರುವ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯುವುದನ್ನೇ ಮರೆತಿದ್ದ. ಪ್ಯಾಡ್ ಇದ್ದರೂ ಶಾಖ ಸರಿಯಾಗಿ ದಾಟದ ಹಾಗೆ ನಡುವೆ ಒಂದು ಹಾಳೆ! ಅದು ಗೊತ್ತಾದದ್ದು ಮೂರು ವಾರದ ನಂತರ, ಡ್ರೈವ್ ಬದಲಿಸಲು ಬಿಚ್ಚಿದಾಗ. ಅಷ್ಟರಲ್ಲಿ ಯಾವ ಅನಾಹುತವೂ ಆಗಿರಲಿಲ್ಲ ಎಂಬುದು ನಮ್ಮ ಪುಣ್ಯ.

ಇನ್ನು ವೇಗ. ಪೆಟ್ಟಿಗೆಯ ಮೇಲೆ ಬರೆದಿರುವಂತೆ ಸೆಕೆಂಡಿಗೆ ಲೆಕ್ಸಾರ್ 7,400 ಎಂಬಿ, ಡಬ್ಲ್ಯುಡಿ 7,300 ಎಂಬಿ ಮತ್ತು ಕ್ರೂಷಿಯಲ್ 5,000 ಎಂಬಿ ಓದುತ್ತವೆ. ಎಂದರೆ ಮೂರನೆಯದು ಸೋನಿಯ ಶಿಫಾರಸಿಗಿಂತ ಕೆಳಗಿದೆ. ಡ್ರೈವನ್ನು ಮೊದಲ ಸಲ ಫಾರ್ಮ್ಯಾಟ್ ಮಾಡಿದ ಕೂಡಲೇ ಯಂತ್ರವೇ ಒಂದು ವೇಗವನ್ನು ತೋರಿಸುತ್ತದೆ. ನಮ್ಮಲ್ಲಿ ಮೊದಲೆರಡು ಆರೂವರೆ ಸಾವಿರದ ಆಸುಪಾಸಿನಲ್ಲೂ ಕ್ರೂಷಿಯಲ್ ಐದು ಸಾವಿರದ ಒಳಗೂ ನಿಂತವು. ಅದೇ ಡ್ರೈವನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಅಂಕಿ ಕೆಲವು ನೂರು ಆಚೀಚೆ ಆಗುವುದರಿಂದ, ಆ ಪರದೆಯ ಫೋಟೊ ತೆಗೆದು ಒಂದರ ಪಕ್ಕ ಒಂದಿಟ್ಟು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಲೆಕ್ಸಾರಿನ ಬಗ್ಗೆ ನನಗೆ ಮೊದಲು ಅನುಮಾನವಿತ್ತು. ಅದರಲ್ಲಿ ತಾತ್ಕಾಲಿಕ ಮೆಮೊರಿಯ ಸ್ವಂತ ಡಿರ‍್ಯಾಮ್ ಚಿಪ್ ಇಲ್ಲ. ಲ್ಯಾಪ್‌ಟಾಪಿನಲ್ಲಾದರೆ ಅದು ಗಣಕದ ಮೆಮೊರಿಯಿಂದಲೇ ಒಂದು ತುಣುಕನ್ನು ಎರವಲು ಪಡೆದು ಯಾವ ದತ್ತಾಂಶ ಎಲ್ಲಿದೆ ಎಂಬ ತನ್ನ ಲೆಕ್ಕಪತ್ರ ಇಟ್ಟುಕೊಳ್ಳುತ್ತದೆ. ಪಿಎಸ್ 5 ಆ ಎರವಲನ್ನು ಕೊಡುವುದಿಲ್ಲ, ಅಂಥ ಡ್ರೈವ್‌ಗಳಲ್ಲಿ ಕಾರ್ಯಕ್ಷಮತೆ ಕುಂದಬಹುದು ಎಂದು ಸೋನಿಯೇ ಹೇಳುತ್ತದೆ. ಕಾಗದದ ಮೇಲೆ ಇದು ಡಿರ‍್ಯಾಮ್ ಇರುವ ಎಸ್‌ಎನ್850ಎಕ್ಸ್‌ಗೆ ದೊಡ್ಡ ಗೆಲುವು. ಆದರೆ ಸೋಫಾದ ಮೇಲೆ ಕುಳಿತವನಿಗೆ ಆ ಗೆಲುವು ಕಾಣಲಿಲ್ಲ. ಗ್ರಾನ್ ಟುರಿಸ್ಮೊ 7ರಲ್ಲಿ ಒಂದೇ ಟ್ರ್ಯಾಕನ್ನು, ಮತ್ತೊಂದು ದೊಡ್ಡ ಗೇಮಿನಲ್ಲಿ ಒಂದೇ ಸೇವ್ ಕಡತವನ್ನು ಪ್ರತಿ ಡ್ರೈವಿನಲ್ಲೂ ಮೂರು ಮೂರು ಸಲ ತೆರೆದು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಣಿಸಿದೆ. ಡಬ್ಲ್ಯುಡಿ ಮತ್ತು ಲೆಕ್ಸಾರ್ ನಡುವಿನ ಅಂತರ ನನ್ನ ಹೆಬ್ಬೆರಳಿನ ತಡಕ್ಕಿಂತ ಹೆಚ್ಚಿರಲಿಲ್ಲ. ಕ್ರೂಷಿಯಲ್ ಕೂಡ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಲಿಲ್ಲ. ಅಕ್ಕನ ಮಗನಿಗೆ ಯಾವ ಡ್ರೈವ್ ಒಳಗಿದೆ ಎಂದು ಹೇಳದೆ ಕಂಟ್ರೋಲರ್ ಕೊಟ್ಟೆ. ಎರಡು ಗಂಟೆ ಆಡಿದ ಮೇಲೆ ‘ಮಾಮಾ, ಇದು ಹಳೇದೇ ಅಲ್ವಾ?’ ಎಂದ. ಆಗ ಒಳಗಿದ್ದದ್ದು ಕ್ರೂಷಿಯಲ್.

ಇದಕ್ಕೆ ಕಾರಣ ಯಂತ್ರದ ರಚನೆಯಲ್ಲೇ ಇದೆ. ಪಿಎಸ್ 5ರ ಒಳಗಿನ ಡ್ರೈವಿನ ಮೂಲ ವೇಗ ಸೆಕೆಂಡಿಗೆ 5.5 ಜಿಬಿ, ಗೇಮ್‌ಗಳು ಸಿದ್ಧವಾಗುವುದು ಆ ಡ್ರೈವನ್ನು ನಂಬಿಯೇ ಹೊರತು 7,400ರ ಅಂಕಿಯನ್ನು ನಂಬಿ ಅಲ್ಲ. ಕುಗ್ಗಿಸಿಟ್ಟ ದತ್ತಾಂಶವನ್ನು ಬಿಡಿಸುವ ಕೆಲಸವನ್ನೂ ಯಂತ್ರದೊಳಗಿನ ಪ್ರತ್ಯೇಕ ಭಾಗವೇ ಮಾಡುತ್ತದೆ, ಡ್ರೈವಲ್ಲ. ಹಾಗಾದರೆ ನಾವು ಸ್ಲಾಟಿಗೆ ಹಾಕುವ ಡ್ರೈವಿಗೆ ಒಳಗಿನದಕ್ಕಿಂತ ತುಸು ಹೆಚ್ಚು ವೇಗ ಏಕೆ ಬೇಕು ಎಂಬುದಕ್ಕೆ ಯಂತ್ರದ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ 2020ರ ಮಾರ್ಚ್ ತಿಂಗಳ ಉಪನ್ಯಾಸದಲ್ಲಿ ಉತ್ತರ ಕೊಟ್ಟಿದ್ದರು: ಒಳಗಿನ ಡ್ರೈವ್ ತನಗೆ ಬರುವ ಬೇಡಿಕೆಗಳನ್ನು ಆರು ಆದ್ಯತೆಯ ಹಂತಗಳಲ್ಲಿ ವಿಂಗಡಿಸಬಲ್ಲದು, ಮಾರುಕಟ್ಟೆಯ ಎನ್‌ವಿಎಂಇ ಡ್ರೈವ್‌ಗಳಿಗೆ ಅಂಥ ಹಂತಗಳು ಎರಡೇ, ಆದ್ದರಿಂದ ಆ ಕೊರತೆಯನ್ನು ವೇಗದಿಂದ ತುಂಬಿಕೊಡಬೇಕು. ಶಿಫಾರಸಿನ ಕೆಳಗಿನ ಡ್ರೈವ್ ಇಂದಿನ ಗೇಮ್‌ಗಳಲ್ಲಿ ತಡವರಿಸಲಿಲ್ಲ ಎಂಬುದು ನಿಜವಾದರೂ, ಒಳಗಿನ ವೇಗವನ್ನು ಪೂರ್ತಿ ಹಿಂಡುವ ಗೇಮ್ ಬಂದ ದಿನ ಅದರ ಬಳಿ ಉಳಿಕೆ ಇರುವುದಿಲ್ಲ.

ಆಡುವಾಗ ಕಾಣದ ವ್ಯತ್ಯಾಸ ಗೇಮ್‌ಗಳನ್ನು ಸಾಗಿಸುವಾಗ ಕಂಡಿತು, ಮತ್ತು ನನ್ನ ತೀರ್ಮಾನವೆಲ್ಲ ನಿಂತಿರುವುದು ಇದರ ಮೇಲೆಯೇ. ಸುಮಾರು ನೂರು ಜಿಬಿಯ ಗೇಮನ್ನು ಒಳಗಿನ ಡ್ರೈವಿನಿಂದ ಎಸ್‌ಎನ್850ಎಕ್ಸ್‌ಗೆ ಸಾಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಲೆಕ್ಸಾರಿನದೂ ಅದೇ ಕಥೆ. ಖಾಲಿಯಿದ್ದಾಗ ಕ್ರೂಷಿಯಲ್ ಕೂಡ ಚುರುಕಾಗಿಯೇ ನುಂಗಿತು. ಆದರೆ ಅದು ಮುಕ್ಕಾಲು ಭಾಗ ತುಂಬಿದ ಮೇಲೆ ಅದೇ ಗಾತ್ರದ ಮತ್ತೊಂದು ಗೇಮನ್ನು ಕಳಿಸಿದೆ. ಅರ್ಧದವರೆಗೆ ಓಡುತ್ತಿದ್ದ, ಪರದೆಯ ಮೇಲಿನ ಪ್ರಗತಿಯ ಪಟ್ಟಿ ಅಲ್ಲಿಂದ ಮುಂದೆ ಎತ್ತಿನಗಾಡಿಯಾಯಿತು. ‘2 ನಿಮಿಷ ಉಳಿದಿದೆ’ ಎಂಬುದು ‘7 ನಿಮಿಷ’ವಾಗಿ, ಒಟ್ಟು ಒಂಬತ್ತು ನಿಮಿಷ ದಾಟಿತು. ಪಿ3 ಪ್ಲಸ್‌ನಲ್ಲಿರುವುದು ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಮೆಮೊರಿ. ಉಳಿದೆರಡರಲ್ಲಿ ಮೂರು ಬಿಟ್‌ನ ಟಿಎಲ್‌ಸಿ. ಕ್ಯೂಎಲ್‌ಸಿಯಲ್ಲಿ ಬರೆಯುವುದು ಸಹಜವಾಗಿಯೇ ನಿಧಾನ, ಅದನ್ನು ಮರೆಮಾಚಲು ಖಾಲಿ ಜಾಗದ ಒಂದು ಪಾಲನ್ನು ತಾತ್ಕಾಲಿಕವಾಗಿ ಕೋಶಕ್ಕೊಂದೇ ಬಿಟ್‌ನಂತೆ ಬಳಸುತ್ತಾರೆ. ಡ್ರೈವ್ ತುಂಬಿದಷ್ಟೂ ಆ ಪಾಲು ಕಿರಿದಾಗುತ್ತದೆ, ಅದು ಮುಗಿದ ಕೂಡಲೇ ನಿಜವಾದ ವೇಗ ಬಯಲಾಗುತ್ತದೆ. ಗೇಮ್ ಕನ್ಸೋಲಿನ ಡ್ರೈವ್ ಸದಾ ತುಂಬಿಯೇ ಇರುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಅಂದಹಾಗೆ, ಯಾವ ಡ್ರೈವಿದ್ದರೂ ಅಲ್ಲಿಂದ ವಾಪಸ್ ಒಳಗಿನ ಡ್ರೈವಿಗೆ ಸಾಗಿಸುವುದು ನಿಧಾನವೇ. ಅದು ಒಳಗಿನ ಡ್ರೈವಿನ ಬರೆಯುವ ವೇಗದ ಮಿತಿ, ಹೊಸದರ ತಪ್ಪಲ್ಲ.

ಬಾಳಿಕೆಯ ಅಂಕಿಯನ್ನು ಹಿಡಿದು ಹೆದರಿಸುವವರೂ ಇದ್ದಾರೆ. 1 ಟಿಬಿಯ ಪಿ3 ಪ್ಲಸ್‌ಗೆ ತಯಾರಕರು ಕೊಡುವ ಭರವಸೆ 220 ಟಿಬಿಯಷ್ಟು ಬರವಣಿಗೆ, ಅದೇ ಅಳತೆಯ ಎನ್‌ಎಂ790ಗೆ 1,000 ಟಿಬಿ, 2 ಟಿಬಿಯ ಎಸ್‌ಎನ್850ಎಕ್ಸ್‌ಗೆ 1,200 ಟಿಬಿ. ಅಂತರ ಭಾರಿಯಾಗಿ ಕಾಣುತ್ತದೆ. ಆದರೆ ವಾರಕ್ಕೊಂದು ನೂರು ಜಿಬಿಯ ಗೇಮ್ ಇಳಿಸಿದರೂ ವರ್ಷಕ್ಕೆ ಐದು ಟಿಬಿ ಚಿಲ್ಲರೆ. 220 ಮುಗಿಯಲು ನಲವತ್ತು ವರ್ಷ ಬೇಕು. ಮೂರಕ್ಕೂ ಐದು ವರ್ಷದ ವಾರಂಟಿ ಇದೆ. ಕ್ಯೂಎಲ್‌ಸಿಯನ್ನು ನಾನು ಬೇಡವೆನ್ನುವುದು ಆ ಒಂಬತ್ತು ನಿಮಿಷಕ್ಕಾಗಿಯೇ ಹೊರತು ಈ ಭಯಕ್ಕಲ್ಲ.

ಯುಎಸ್‌ಬಿ ಎಸ್‌ಎಸ್‌ಡಿ ಸಾಲದೇ ಎಂದು ಕೇಳುವವರಿಗೆ: ನಮ್ಮಲ್ಲಿ ಹಳೆಯ ಸಾಟಾ ಎಸ್‌ಎಸ್‌ಡಿಯೊಂದು ಪುಟ್ಟ ಡಬ್ಬಿಯೊಳಗೆ ಕುಳಿತು ಈ ಕೆಲಸ ಮಾಡುತ್ತಿದೆ. ಅದರಿಂದ ಪಿಎಸ್ 4ರ ಗೇಮ್‌ಗಳನ್ನು ನೇರವಾಗಿ ಆಡಬಹುದು. ಪಿಎಸ್ 5ರ ಗೇಮ್‌ಗಳನ್ನು ಇಟ್ಟುಕೊಳ್ಳಬಹುದು, ಆಡಲಾಗದು. ಬೇಕಾದಾಗ ಒಳಗೆ ತಂದುಕೊಳ್ಳಬೇಕು. ಮನೆಯ ಬ್ರಾಡ್‌ಬ್ಯಾಂಡ್ ನಿಧಾನವಾಗಿದ್ದರೆ, ಮತ್ತೆ ಡೌನ್‌ಲೋಡ್ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಇರುವವರಿಗೆ ಈ ಲೇಖನದ ಬಹುಪಾಲು ಬೇಕಿಲ್ಲ. ಅಲ್ಲಿ ಹಿಂಬದಿಗೆ ಚುಚ್ಚುವ ವಿಶೇಷ ಕಾರ್ಡನ್ನೇ ಕೊಳ್ಳಬೇಕು. ಆಯ್ಕೆ ಕಡಿಮೆ, ಆದರೆ ಸ್ಪೇಸರ್ ಹುಡುಕುವ ಕಷ್ಟವೂ ಇಲ್ಲ.

ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ರೂಪಾಯಿಯ ಲೆಕ್ಕ ಬರೆದು ಪ್ರಯೋಜನವಿಲ್ಲ. ನಾನು ವಿಚಾರಿಸಿದಾಗ ಒಂದೇ ಅಳತೆಯಲ್ಲಿ ಕ್ರೂಷಿಯಲ್ ಅಗ್ಗ, ಲೆಕ್ಸಾರ್ ನಡುವೆ, ಡಬ್ಲ್ಯುಡಿ ದುಬಾರಿ ಎಂಬ ಕ್ರಮವಿತ್ತು. ಬರಿಯ ಡ್ರೈವಿನ ಬೆಲೆಗೆ ಹೀಟ್‌ಸಿಂಕಿನ ಬೆಲೆಯನ್ನು ಸೇರಿಸಿಯೇ ಹೋಲಿಸಬೇಕು; ನನ್ನಂತೆ ಎರಡು ಸಲ ಕೊಂಡರೆ ಉಳಿತಾಯ ಇನ್ನಷ್ಟು ಕರಗುತ್ತದೆ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆಂದರೆ ಕೊಳ್ಳಬೇಡಿ. ಐದು ವರ್ಷದ ವಾರಂಟಿ ಕೇಳುವ ದಿನ ಕೈಯಲ್ಲಿರಬೇಕಾದದ್ದು ಜಿಎಸ್‌ಟಿ ಬಿಲ್ಲೇ.

ಸ್ಕ್ರೂಡ್ರೈವರ್ ಹಿಡಿಯಲು ಅಂಜುವವರು, ಒಮ್ಮೆ ಹಾಕಿ ಮರೆಯಲು ಬಯಸುವವರು ಹೀಟ್‌ಸಿಂಕ್ ಸಮೇತದ ಎಸ್‌ಎನ್850ಎಕ್ಸ್‌ಗೆ ಹೆಚ್ಚಿನ ಹಣ ಕೊಡುವುದು ಸರಿ. ನಾನು ಮತ್ತೊಮ್ಮೆ ಕೊಳ್ಳುವುದಾದರೆ 2 ಟಿಬಿಯ ಎನ್‌ಎಂ790 ತಂದು, 8 ಮಿಲಿಮೀಟರಿನೊಳಗಿನ ತೆಳುವಾದ ಹೀಟ್‌ಸಿಂಕನ್ನು ಅಳೆದು ಕೂಡಿಸುತ್ತೇನೆ. ಹಾಳೆ ಸುಲಿಯುವ ಕೆಲಸ ಮಾತ್ರ ತಮ್ಮನಿಗೆ ಕೊಡುವುದಿಲ್ಲ. ಸದ್ಯಕ್ಕೆ ಸ್ಲಾಟಿನಲ್ಲಿರುವುದು ಡಬ್ಲ್ಯುಡಿ, ಲೆಕ್ಸಾರ್ ತಾನು ಸೇರಬೇಕಿದ್ದ ಲ್ಯಾಪ್‌ಟಾಪನ್ನು ಸೇರಿದೆ, ಕ್ರೂಷಿಯಲನ್ನು ಗೆಳೆಯರಿಗೆ ಹಿಂದಿರುಗಿಸಿದ್ದೇನೆ. ಅವರು ಅದನ್ನು ತಮ್ಮ ಗಣಕದಲ್ಲಿ ಮಕ್ಕಳ ಫೋಟೊ, ವಿಡಿಯೊ ಇಡಲು ಬಳಸುತ್ತಿದ್ದಾರೆ, ಆ ಕೆಲಸಕ್ಕೆ ಅದರಿಂದ ಯಾವ ತಕರಾರೂ ಇಲ್ಲವಂತೆ.